ಅಧ್ಯಕ್ಷನ ಎಡೆ

ಎಂಟು ವರ್ಷಗಳಿಂದ ನಮ್ಮ ಮನೆಯಲ್ಲಿ ಪಿತೃಪಕ್ಷದ ಅಮಾವಾಸ್ಯೆಯ ದಿನ ಅಣ್ಣನ ಎಡೆಗೆ ಮಾವಿನ ತಾಂಡ್ರ ಇಡುತ್ತಿದ್ದೆವು. ಮಾವಿನ ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಸವರಿ, ಬಿಸಿಲಿಗೆ ಒಣಗಿಸಿ, ತೊಗಲಿನ ಹಾಗೆ ಮಡಿಸಿಡುವ ತಿನಿಸು ಅದು. ಹಬ್ಬದ ಹೊತ್ತಿಗೆ ಮಾವಿನ ಕಾಲ ಮುಗಿದು ಎಷ್ಟೋ ದಿನವಾಗಿರುತ್ತದೆ. ಶ್ರೀನಿವಾಸಪುರದ ತೋಪುಗಳಲ್ಲಿ ಬರೀ ಎಲೆ. ಹಾಗಾಗಿ ಅಮ್ಮ ಒಂದು ವಾರ ಮುಂಚೆಯೇ ಸುಗಟೂರಿನಲ್ಲಿ ಬಸ್ಸು ಹತ್ತಿ ಕೋಲಾರಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿಗೆ ಮುಳಬಾಗಿಲಿಗೆ ಹೋಗಿ, ಆಂಧ್ರದ ಕಡೆಯಿಂದ ಸರಕು ತರಿಸುವ ಅಂಗಡಿಯೊಂದರಲ್ಲಿ ಅದನ್ನು ಹುಡುಕಿ ತರುತ್ತಿದ್ದಳು. ಮಂಡಿನೋವು ಶುರುವಾದ ಮೇಲೂ ಈ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. "ನನ್ ಮಗಂಗೆ ನಾನ್ ತರ್ತೀನಿ, ನಿಮ್ಗೇನು ಕಷ್ಟ?" ಅನ್ನುತ್ತಿದ್ದಳು.

ಅಣ್ಣನಿಗೆ ತಾಂಡ್ರ ಇಷ್ಟವೆಂದು ಅಮ್ಮನಿಗೆ ಹೇಳಿದವಳು ನಾನು.

ಈ ವರ್ಷ ಹಬ್ಬಕ್ಕೆ ಹದಿನೈದು ದಿನ ಇರುವಾಗ ನನಗೆ ಗೊತ್ತಾಯಿತು. ತಾಂಡ್ರ ಇಷ್ಟಪಡುತ್ತಿದ್ದವನು ಅಣ್ಣನಲ್ಲ. ಚಿಕ್ಕಂದಿನಲ್ಲಿ ನಾನೂ ಅವನೂ ಸೇರಿ ಕಟ್ಟಿದ್ದ, ಎಲ್ಲೂ ಇಲ್ಲದ ಒಂದು ದೇಶದ ಅಧ್ಯಕ್ಷ.

ಇದನ್ನು ನಿಧಾನವಾಗಿ ಬರೆಯಬೇಕು. ನಾನು ದಿನಚರಿ ಬರೆಯುವವಳು. ಹೈಸ್ಕೂಲಿನಿಂದ ಇವತ್ತಿನವರೆಗೆ ಬರೆದದ್ದೆಲ್ಲ ಒಂದು ಟ್ರಂಕಿನಲ್ಲಿದೆ. ನೆಂಟರು ನನ್ನ ನೆನಪಿನ ಶಕ್ತಿಯನ್ನು ಹೊಗಳುತ್ತಾರೆ. ನನ್ನ ನೆನಪಿನ ಮೇಲೆ ನನಗೆ ಭರವಸೆ ಇಲ್ಲದ್ದಕ್ಕೇ ಬರೆಯುತ್ತೇನೆ ಎಂದು ಅವರಿಗೆ ಹೇಳಿಲ್ಲ. ಎಂ.ಎ. ಓದುವಾಗ ಸಾಕ್ಷ್ಯವನ್ನು ಹೇಗೆ ಪರೀಕ್ಷಿಸಬೇಕೆಂದು ಕಲಿತೆ. ಸ್ವಂತ ಮನೆಯ ವಿಷಯದಲ್ಲಿ ಆ ಪರೀಕ್ಷೆ ಮಾಡಲು ಎಂಟು ವರ್ಷ ಬೇಕಾಯಿತು.

ನಮ್ಮದು ಸುಗಟೂರಿನ ಪಕ್ಕದ ಸಣ್ಣ ಊರು. ಅಪ್ಪ ನಾವು ಚಿಕ್ಕವರಿರುವಾಗಲೇ ತೀರಿಹೋಗಿದ್ದ. ಅಮ್ಮ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಎರಡನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಮನೆಯ ಹಿಂದೆ ಹುಳು ಮನೆ. ಹುಳುವಿನ ತಟ್ಟೆಗಳಿಗೆ ಹಾಸಲು ಕೋಲಾರದಿಂದ ಹಳೇ ಪೇಪರಿನ ಕಟ್ಟು ಬರುತ್ತಿತ್ತು. ಕನ್ನಡ, ತೆಲುಗು, ಉರ್ದು, ಇಂಗ್ಲಿಷು ಎಲ್ಲ ಕಲಸಿಕೊಂಡು. ಮಂತ್ರಿಗಳ ಮುಖದ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಹುಳು. ತಟ್ಟೆ ಬದಲಿಸುವಾಗ ಆ ಪೇಪರುಗಳನ್ನು ಕೊಡವಿ ಅಣ್ಣ ಓದುತ್ತಿದ್ದ. ಹಿಕ್ಕೆಯ ಕಲೆ ಬಿದ್ದ ಜಾಗದಲ್ಲಿ ಏನಿತ್ತೆಂದು ತಾನೇ ಊಹಿಸಿ ಓದುತ್ತಿದ್ದ. ಎಲ್ಲಿ ಪೇಪರು ಮುಗಿದು ಎಲ್ಲಿ ಅವನು ಶುರುವಾಗುತ್ತಿದ್ದ ಎಂದು ನನಗೆ ತಿಳಿಯುತ್ತಿರಲಿಲ್ಲ. ದೇಶ ಹುಟ್ಟಿದ್ದು ಅಲ್ಲಿ ಎಂದು ಕಾಣುತ್ತದೆ.

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಒಂದು ಬೆಳೆಗೆ ನಾಲ್ಕು ಸಲ. ಆ ದಿನ ಸೊಪ್ಪು ಕೊಯ್ಯುವ, ಹಾಕುವ ಕೆಲಸ ಇರುವುದಿಲ್ಲ. ಆದರೆ ಹಲ್ಲಿ, ಇರುವೆ ಬರದಂತೆ ಯಾರಾದರೂ ಒಳಗೆ ಕಾಯಬೇಕು, ಸದ್ದು ಮಾಡಬಾರದು. ಆ ಕಾವಲು ನಮ್ಮಿಬ್ಬರದು. ಸಾವಿರಾರು ಹುಳುಗಳು ತಲೆ ಎತ್ತಿ ಕೇಳಿಸಿಕೊಳ್ಳುವ ಹಾಗೆ ಕೂತಿರುವಾಗ, ಅಣ್ಣ ಪಿಸುಮಾತಿನಲ್ಲಿ ದೇಶದ ವಿಷಯ ಹೇಳುತ್ತಿದ್ದ. ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಅವನು ನನಗಿಂತ ಎರಡು ವರ್ಷ ದೊಡ್ಡವನು.

ದೇಶಕ್ಕೆ ಒಂದು ಹೆಸರಿತ್ತು. ಇಲ್ಲಿ ಬರೆಯುವುದಿಲ್ಲ. "ಯಾರ್ಗೂ ಹೇಳ್ಬಾರ್ದು ಕಣೇ. ಹೇಳಿದ್ರೆ ಎಲ್ರೂ ಬಂದ್ಬಿಡ್ತಾರೆ, ನೀರು ಸಾಲಲ್ಲ" ಎಂದು ಆಣೆ ಹಾಕಿಸಿದ್ದ. ನಮ್ಮ ದೇಶಕ್ಕೆ ನದಿ ಇರಲಿಲ್ಲ. ಇರಬೇಕೆಂದು ನಾನು ಹಟ ಮಾಡಿದ್ದೆ, ಅವನು ಒಪ್ಪಲಿಲ್ಲ. ನದಿ ಹೇಗಿರುತ್ತದೆಂದು ಇಬ್ಬರಿಗೂ ಗೊತ್ತಿಲ್ಲದ ಮೇಲೆ ಬರೆದರೆ ಸುಳ್ಳು ಬೀಳುತ್ತದೆ ಎಂದ. ಕೆರೆಗಳಿದ್ದವು, ಕೆರೆ ಇಲಾಖೆಗೆ ಒಬ್ಬ ಮಂತ್ರಿಯಿದ್ದ, ಬಸ್ಸುಗಳ ವೇಳಾಪಟ್ಟಿಯಿತ್ತು. ನಾನು ಆನೆ ಕೇಳಿದೆ.

"ಆನೆಗೆ ಸೊಪ್ಪು ಯಾರೇ ಹಾಕೋರು? ಹುಳಕ್ಕೆ ಹಾಕಕ್ಕೇ ಅಳ್ತೀಯ."

ರಾಜಕಾರಣಿಗಳ ವಿಷಯದಲ್ಲಿ ಅವನದು ಒಂದೇ ನಿಯಮ. ಹೆಸರು, ಪಕ್ಷ ಸಾಕಾಗುವುದಿಲ್ಲ. ಒಬ್ಬೊಬ್ಬನಿಗೂ ಮೂರು ವಿಷಯ ಇರಬೇಕು. ಅವನ ತಾಯಿ ಏನು ಕೆಲಸ ಮಾಡುತ್ತಿದ್ದಳು, ಅವನಿಗೆ ಯಾವುದರ ಭಯ, ಯಾರೂ ನೋಡದಾಗ ಏನು ತಿನ್ನುತ್ತಾನೆ. "ಮೂರಿದ್ರೆ ನಿಲ್ತಾನೆ, ಒಲೆ ಕಲ್ಲಿದ್ದಂಗೆ. ಎರಡಿದ್ರೆ ಉರುಳ್ಕೊಂಡೋಗ್ತಾನೆ" ಅನ್ನುತ್ತಿದ್ದ. ವಿರೋಧ ಪಕ್ಷದ ನಾಯಕನನ್ನು ಅಧ್ಯಕ್ಷನ ಭಾಮೈದನನ್ನಾಗಿ ಮಾಡಿದ. ಯಾಕೆ ಎಂದರೆ, "ಯಾವ್ ಊರಲ್ಲೇ ಆಗ್ಲಿ ಎದುರಾಳಿ ನೆಂಟನೇ ಆಗಿರ್ತಾನೆ ಕಣೇ. ಪರಕೀಯರಿಗೆ ಅಷ್ಟು ಪುರುಸೊತ್ತೆಲ್ಲಿ?" ಅಧ್ಯಕ್ಷನಿಗೆ ಮಾತ್ರ ಮೂರಕ್ಕಿಂತ ಹೆಚ್ಚು ವಿಷಯ ಇದ್ದವು, ಒಂದು ಪುಟ ತುಂಬ. ಪೇಪರಿನಿಂದ ಯಾವುದಾದರೂ ಫೋಟೋ ಕತ್ತರಿಸಿ ಅಂಟಿಸೋಣವೆಂದು ನಾನು ಹೇಳಿದಾಗ ಬೇಡವೆಂದ. ಫೋಟೋ ಹಾಕಿದರೆ ಅವನು ಆ ಫೋಟೋದವನಾಗಿಬಿಡುತ್ತಾನೆ ಎಂದ.

ಇಷ್ಟು ನೆನಪಿದೆ. ಅಥವಾ ನೆನಪಿದೆ ಎಂದು ತಿಳಿದಿದ್ದೇನೆ.

ಅಣ್ಣ ದೊಡ್ಡವನಾಗಿ ಕ್ಯಾಲನೂರು ಕಡೆಯ ಡೈರಿಗಳಿಂದ ಹಾಲಿನ ಕ್ಯಾನು ತುಂಬಿಕೊಂಡು ಬರುವ ಗಾಡಿ ಓಡಿಸಿದ. ಮದುವೆಯಾದ, ಮಗಳಾದಳು. ಆ ಮೇಲೆ ನಾವಿಬ್ಬರೂ ದೇಶದ ಮಾತೆತ್ತಲಿಲ್ಲ. ನಾಚಿಕೆಯಾಗುತ್ತಿತ್ತೋ ಏನೋ. ನಾನು ಮಾಲೂರಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಗ ಅವನಿಗೆ ಕಾಮಾಲೆ ಬಂತು. ವಾಸಿಯಾಗುತ್ತದೆ ಅಂದುಕೊಂಡೆವು. ಫೋನು ಬಂದಾಗ ಕ್ಲಾಸಿನಲ್ಲಿದ್ದೆ, ನೋಡಲಿಲ್ಲ. ನಾನು ಊರು ಮುಟ್ಟುವ ಹೊತ್ತಿಗೆ ಮುಖಕ್ಕೆ ಬಟ್ಟೆ ಹೊದಿಸಿದ್ದರು. ಅವನ ಮಗಳಿಗೆ ಆಗ ಆರು ವರ್ಷ.

ಆ ವರ್ಷ ಹಿರಿಯರ ಹಬ್ಬಕ್ಕೆ ಎಡೆಯ ಪಟ್ಟಿ ಮಾಡುವಾಗ ಅಮ್ಮ ದಿಕ್ಕು ತಪ್ಪಿದವಳ ಹಾಗೆ ಕೂತಿದ್ದಳು. ಸತ್ತವರಿಗೆ ಅವರಿಗೆ ಇಷ್ಟವಾದದ್ದನ್ನು ಇಡಬೇಕು. ಅಪ್ಪನದು ಅವಳಿಗೆ ಬಾಯಿಪಾಠ: ಹುರುಳಿ ಸಾರು, ಒಂದು ಕಟ್ಟು ಬೀಡಿ. ಮಗನದು ತೋಚಲಿಲ್ಲ.

"ನಿಮ್ಮಣ್ಣಂಗೆ ಏನಿಷ್ಟ ಇತ್ತೇ? ನನ್ ತಲೆ ಖಾಲಿ ಆಗ್ಬಿಟ್ಟೈತೆ."

ಅತ್ತಿಗೆ ಮಗುವನ್ನು ಮಡಿಲಿಗೆ ಹಾಕಿಕೊಂಡು ಗೋಡೆಗೆ ಒರಗಿದ್ದಳು. ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

"ತಾಂಡ್ರ" ಎಂದೆ.

"ಹೌದೇನೇ?"

"ಹೂಂ ಅಮ್ಮ. ಚಿಕ್ಕೋನಿದ್ದಾಗ ಚಾಪೆ ಅಂಚಿಂದು ಕಿತ್ಕೊಂಡು ಕದ್ದು ತಿಂತಿದ್ದ."

ಅಮ್ಮ ಅಳತೊಡಗಿದಳು. "ಪಾಪಂ, ನಂಗೊತ್ತೇ ಇರ್ಲಿಲ್ಲ ನೋಡು. ನನ್ ಹತ್ರ ಒಂದಿನ ಕೇಳ್ಲಿಲ್ಲ."

ಆ ದಿನದ ದಿನಚರಿ ತೆಗೆದು ನೋಡಿದ್ದೇನೆ. "ಅಮ್ಮ ಕೇಳಿದಳು. ಹೇಳಿದೆ. ಅಮ್ಮನಿಗೆ ಸಮಾಧಾನ." ಏನು ಹೇಳಿದೆ, ಎಲ್ಲಿಂದ ತಂದು ಹೇಳಿದೆ ಎಂದು ಒಂದು ಅಕ್ಷರವಿಲ್ಲ. ಬೇಕೆಂದೇ ಸುಳ್ಳು ಹೇಳಿರಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅಂಚು ಕೀಳುವ ಅಣ್ಣ ನನಗೆ ಕಾಣುತ್ತಿದ್ದ. ಅವನ ಬೆರಳಿಗೆ ಅಂಟಿದ ಹಳದಿ ಕಾಣುತ್ತಿತ್ತು. ಈಗಲೂ ಕಾಣುತ್ತದೆ.

ಈಗ ನಾನು ಶ್ರೀನಿವಾಸಪುರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಈ ವರ್ಷ ವಿದ್ಯಾರ್ಥಿಗಳಿಂದ ಅಣಕು ಶಾಸನಸಭೆ ಮಾಡಿಸುವ ಕೆಲಸ ನನಗೆ ಬಿತ್ತು. ನಿಜವಾದ ಪಕ್ಷಗಳ ಹೆಸರಿಟ್ಟರೆ ಹುಡುಗರು ಸಭೆ ಮುಗಿದ ಮೇಲೂ ಬಸ್‌ಸ್ಟ್ಯಾಂಡಿನಲ್ಲಿ ಜಗಳ ಮುಂದುವರಿಸುತ್ತಾರೆ. ಅದಕ್ಕೇ ಒಂದು ಕಾಲ್ಪನಿಕ ದೇಶ ಬೇಕೆಂದಾಯಿತು. ನಾನೊಬ್ಬ ಅಧ್ಯಕ್ಷನನ್ನು ಮಾಡಿ ತರಗತಿಗೆ ಒಯ್ದೆ. ಓದು, ವಯಸ್ಸು, ಪಕ್ಷ, ಪ್ರಣಾಳಿಕೆ ಎಲ್ಲ ಸರಿಯಾಗಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಇವ್ನು ಸಿಲಬಸ್ಸಿಂದ ಎದ್ದು ಬಂದಂಗಿದಾನೆ. ಇವಂಗೆ ಯಾರ್ ಓಟು ಹಾಕ್ತಾರೆ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಹೇಳಿದ್ದು ಅಣ್ಣ ಹೇಳಬೇಕಾದ ಮಾತು.

ಆ ಸಂಜೆ ಟ್ರಂಕು ತೆಗೆದೆ. ಹಳೇ ನೋಟ್‌ಬುಕ್ಕು ತಳದಲ್ಲಿತ್ತು. ಅಧ್ಯಕ್ಷನ ಪುಟ ತೆರೆದು, ಹುಡುಗರಿಗೆ ಕೊಡಬಹುದಾದ ಸಾಲುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದೆ. ತಾಯಿ: ಮಾವಿನ ತಾಂಡ್ರ ಒಣಗಿಸಿ ಸಂತೆಯಲ್ಲಿ ಮಾರುತ್ತಿದ್ದಳು. ಭಯ: ಬಾವಿ. ಯಾರೂ ನೋಡದಾಗ ತಿನ್ನುವುದು: ತಾಂಡ್ರ, ಚಾಪೆಯ ಅಂಚಿನದು. ಎಡ ಕಿವಿ ಸ್ವಲ್ಪ ಮಂದ. ಬಸ್ಸಿನಲ್ಲಿ ಬಂದರೆ ಒಂದು ಸ್ಟಾಪು ಮುಂಚೆ ಇಳಿದು ನಡೆದು ಬರುತ್ತಾನೆ.

ಪೆನ್ಸಿಲು ನಿಂತಿತು.

ನಮ್ಮ ಮನೆಯಲ್ಲಿ ಮಾವಿನ ಮರ ಇರಲಿಲ್ಲ. ಅಮ್ಮ ಯಾವತ್ತೂ ಚಾಪೆಯ ಮೇಲೆ ಮಾವಿನ ರಸ ಹಾಕಿದವಳಲ್ಲ. ನಮ್ಮ ಅಂಗಳದಲ್ಲಿ ಒಣಗುತ್ತಿದ್ದದ್ದು ಹುಳುವಿನ ತಟ್ಟೆಗಳು, ಗೂಡು ಕಟ್ಟಿಸುವ ಚಂದ್ರಿಕೆಗಳು ಮಾತ್ರ. ಅಣ್ಣ ಅಂಚು ಕಿತ್ತ ಆ ಚಾಪೆ ಎಲ್ಲಿಯೂ ಹಾಸಿರಲಿಲ್ಲ. ಎಂಟು ವರ್ಷ ಅಮ್ಮನೂ ನಾನೂ ಇಷ್ಟು ಸರಳ ವಿಷಯವನ್ನು ಯಾಕೆ ಯೋಚಿಸಲಿಲ್ಲ? ಅಮ್ಮ ಬಹುಶಃ, ಪಕ್ಕದ ಮನೆಯಲ್ಲಿ ತಿಂದಿರಬೇಕು ಅಂದುಕೊಂಡಳು. ನಾನು ಏನೂ ಅಂದುಕೊಳ್ಳಲಿಲ್ಲ. ನನಗೆ ಕಾಣುತ್ತಿತ್ತಲ್ಲ.

ನೋಟ್‌ಬುಕ್ಕಿನ ತುಂಬ ನನ್ನ ಅಕ್ಷರ. ಅಣ್ಣ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಆದ್ದರಿಂದ ಆ ಸಾಲನ್ನು ಅವನು ಹೇಳಿದನೋ, ನಾನೇ ಸೇರಿಸಿದೆನೋ ಎಂದು ತಿಳಿಯುವ ದಾರಿಯೂ ಇಲ್ಲ.

ಒಂದು ವೇಳೆ ವಿಷಯ ಇಲ್ಲಿಗೇ ನಿಂತಿದ್ದರೆ ನಾನು ನೋಟ್‌ಬುಕ್ಕು ಮುಚ್ಚಿ ಸುಮ್ಮನಾಗುತ್ತಿದ್ದೆ ಅನಿಸುತ್ತದೆ. ಆದರೆ ಆ ವಾರ ಅಣ್ಣನ ಮಗಳು ಫೋನು ಮಾಡಿದಳು. ಅವಳಿಗೀಗ ಹದಿನಾಲ್ಕು. ಅಪ್ಪನೆಂದರೆ ಅವಳಿಗೆ ನೆನಪಿರುವುದು ಹಾಲಿನ ವಾಸನೆಯ ಒಂದು ಶರಟು. ಉಳಿದದ್ದೆಲ್ಲ ನಾನು ಹೇಳಿದ್ದು.

"ಅತ್ತೆ, ಈ ಸಲ ಅಪ್ಪಂಗೆ ಎಡೆ ನಾನೇ ಇಡೋದು. ಅಜ್ಜಿ ಒಪ್ಕೊಂಡ್ರು. ತಾಂಡ್ರ ಅಂಚಿಂದೇ ಕತ್ತರಿಸಿ ಇಡ್ಬೇಕಲ್ವಾ? ಮಧ್ಯದ್ದು ಅಪ್ಪಂಗೆ ಆಗಲ್ಲ ಅಲ್ವಾ?"

ನಾನು ಹೂಂ ಅಂದೆ. ಅಂದುಬಿಟ್ಟೆ.

ಅಮಾವಾಸ್ಯೆಯ ಮಧ್ಯಾಹ್ನ ಎಡೆ ಇಟ್ಟು, ಧೂಪ ಹಾಕಿ, ಬನ್ನಿ ಎಂದು ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಒಳಗೆ ಅವರು ಉಣ್ಣುವಷ್ಟು ಹೊತ್ತು ಹೊರಗೆ ಮಾತಾಡದೆ ನಿಂತಿರಬೇಕು. ಎಂಟು ವರ್ಷ ಆ ಬಾಗಿಲ ಹೊರಗೆ ನಿಂತು, ಒಳಗೆ ಅಣ್ಣನನ್ನು ಕಲ್ಪಿಸಿಕೊಂಡಿದ್ದೆ. ಫೋನು ಇಟ್ಟ ಮೇಲೆ ಅದೇ ಕೋಣೆ ಕಣ್ಣಿಗೆ ಬಂತು. ಒಳಗೆ ಎಲೆಯ ಮುಂದೆ ಬೇರೊಬ್ಬ ಮನುಷ್ಯ ಕೂತಿದ್ದ. ನನಗೆ ಚೆನ್ನಾಗಿ ಪರಿಚಯದವನು. ಬಲಗಿವಿಯನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡು ಅಂಚಿನ ತುಂಡನ್ನು ನಿಧಾನವಾಗಿ ಅಗಿಯುತ್ತಿದ್ದ. ಅಣ್ಣ ಹೊರಗೆ ನಮ್ಮ ಜೊತೆ ನಿಂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ.

ಹೇಳದಿದ್ದರೆ ಈ ವರ್ಷ ಅವನ ಮಗಳೇ ತನ್ನ ಬಾಯಿಂದ ಆ ಮನುಷ್ಯನನ್ನು ಅಪ್ಪಾ ಎಂದು ಕರೆಯುತ್ತಾಳೆ. ಹೇಳಿದರೆ ಅವಳಿಗಿರುವ ಅಪ್ಪನಲ್ಲಿ ಎಷ್ಟು ಉಳಿಯುತ್ತಾನೋ ಗೊತ್ತಿಲ್ಲ. ಅಮಾವಾಸ್ಯೆಯೊಳಗೆ ಎರಡರಲ್ಲೊಂದು ಆಗಬೇಕಿತ್ತು.

ಮೊದಲು ಅತ್ತಿಗೆಯನ್ನು ಕೇಳಬೇಕೆನಿಸಿತು. ಅವಳು ವೇಮಗಲ್ಲಿನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ, ಅಮ್ಮನ ಜೊತೆಯಲ್ಲೇ ಇದ್ದಾಳೆ. ಭಾನುವಾರ ಊರಿಗೆ ಹೋದಾಗ ಅಡುಗೆಮನೆಯಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ಅತ್ತಿಗೆ, ಅಣ್ಣಂಗೆ ತಾಂಡ್ರ ಇಷ್ಟ ಇತ್ತಾ?"

ಜರಡಿ ನಿಂತಿತು. "ಈಗ ಕೇಳ್ತಿದ್ದೀರಾ?"

"ಹೇಳಿ."

"ನಿಮ್ಮಣ್ಣ ಹುಳಿ ಸಿಹಿ ಒಟ್ಟಿಗಿರೋದು ಯಾವ್ದೂ ಬಾಯಿಗಿಡ್ತಿರ್ಲಿಲ್ಲ. ಹಲ್ಲು ಜುಮ್ಮನ್ನುತ್ತೆ ಅಂತಿದ್ರು. ಮಾವಿನ್ ಹಣ್ಣೂ ಅಷ್ಟೇ. ಮಗೀಗೆ ಕೊಯ್ದು ಕೊಡೋರು, ತಾವು ಕೈ ತೊಳ್ಕೊಂಡು ಎದ್ದೋಗೋರು."

"ಮತ್ತೆ ಎಂಟು ವರ್ಷ ಯಾಕೆ ಸುಮ್ನಿದ್ರಿ?"

"ಏನಂತ ಹೇಳ್ಲಿ? ಅತ್ತೆ ಅಳ್ತಿದ್ರು. ನೀವು ಓದಿರೋರು, ಎಲ್ಲಾ ಬರ್ದಿಟ್ಕೊಳ್ಳೋರು. ನಾನು ಈ ಮನೆಗೆ ಬರೋಕ್ ಮುಂಚಿನ ಮಾತಿರ್ಬೇಕು, ಆಮೇಲೆ ಬಿಟ್ಟಿರ್ಬೇಕು ಅಂದ್ಕೊಂಡೆ." ಹಿಟ್ಟನ್ನು ಒಂದು ಕಡೆ ಬಳಿಯುತ್ತ, "ಒಂದೊಂದ್ಸಲ ಅನ್ಸೋದು, ಇದು ನಿಮಗೇ ಇಷ್ಟ ಇರ್ಬೇಕು ಅಂತ. ಎಡೆ ತೆಗೆದ್ಮೇಲೆ ಪ್ರತಿ ವರ್ಷ ಅದನ್ನ ತಿನ್ನೋದು ನೀವೇ ಅಲ್ವಾ?" ಎಂದು ನಕ್ಕಳು.

ನನಗೆ ನಗಲಾಗಲಿಲ್ಲ. ಹೌದು, ನಾನೇ ತಿನ್ನುತ್ತಿದ್ದೆ. ಅಣ್ಣನ ನೆನಪಿಗೆಂದು.

ಮಗುವಿಗೆ ನಾನು ಅಪ್ಪನದೆಂದು ಹೇಳಿದ್ದ, ಅಧ್ಯಕ್ಷನ ಪುಟದಲ್ಲೂ ಇದ್ದ ಬೇರೆ ವಿಷಯಗಳನ್ನು ಒಂದೊಂದಾಗಿ ಕೇಳಿದೆ. ಎಡ ಕಿವಿ? "ಎರಡೂ ಚೆನ್ನಾಗಿ ಕೇಳಿಸ್ತಿತ್ತು. ನಾನು ಗೊಣಗಿದ್ದೂ ಕೇಳಿಸ್ತಿತ್ತು." ಬಾವಿ? "ಬಾವಿಗಿಳಿದು ಮೋಟ್ರು ಸರಿ ಮಾಡೋರಿಗೆ ಬಾವಿ ಭಯ ಏನ್ರೀ?" ಒಂದು ಸ್ಟಾಪು ಮುಂಚೆ ಇಳಿಯುವುದು? ಅತ್ತಿಗೆ ಮುಖ ಎತ್ತಿದಳು. "ಅದು ನಿಜ. ಬಸ್ಸಲ್ಲಿ ಹೋದ್ರೆ ನನ್ನನ್ನೂ ಇಳಿಸೋರು. ಬಸುರೀಲೂ ಇಳಿಸಿ ನಡೆಸವ್ರೆ. ಯಾಕೆ ಅಂತ ಕೇಳಿದ್ರೆ ಹೇಳ್ತಿರ್ಲಿಲ್ಲ."

ಇದು ನನ್ನನ್ನು ತಾಂಡ್ರಕ್ಕಿಂತ ಹೆಚ್ಚು ಕಾಡಿತು. ಅಧ್ಯಕ್ಷ ಬಸ್ಸಿನಿಂದ ಇಳಿದು ನಡೆಯತೊಡಗಿದ್ದು ಅಣ್ಣ ಐದನೆಯದೋ ಆರನೆಯದೋ ಕ್ಲಾಸಿನಲ್ಲಿದ್ದಾಗ. ಒಬ್ಬನೇ ಬಸ್ಸಿನಲ್ಲಿ ಓಡಾಡುವ ವಯಸ್ಸಲ್ಲ ಅದು. ಅಂದರೆ ಅವನು ತನ್ನ ಅಭ್ಯಾಸವನ್ನು ಅಧ್ಯಕ್ಷನಿಗೆ ಕೊಟ್ಟದ್ದಲ್ಲ. ಅಧ್ಯಕ್ಷನದನ್ನು ಎತ್ತಿಕೊಂಡು ಅದರೊಳಗೆ ಬೆಳೆದ. ಹೆಂಡತಿಗೂ ಹೇಳದೆ ಆ ದೇಶದ ರಸ್ತೆಯಲ್ಲಿ ಅವನೊಬ್ಬನೇ ನಡೆಯುತ್ತಿದ್ದ.

"ಹಾಗಾದ್ರೆ ಅಣ್ಣಂಗೆ ಏನಿಷ್ಟ ಇತ್ತು?"

ಅತ್ತಿಗೆ ಜರಡಿಯಲ್ಲಿ ಉಳಿದ ತರಿಯನ್ನು ಕೊಡವಿದಳು. "ಹಾಕಿದ್ದು ತಿಂತಿದ್ರು" ಎಂದಳು. ಬೇರೆ ಹೊಳೆಯಲಿಲ್ಲ. ಮತ್ತೆ ಜರಡಿ ಆಡಿಸುತ್ತ, "ಬೆಳಗ್ಗೆ ಗಾಡಿ ತೆಗೆಯೋ ಮುಂಚೆ ರಾತ್ರಿ ಮುದ್ದೆ ಮಜ್ಜಿಗೇಲಿ ಕಲಸ್ಕೊಂಡು ತಿನ್ನೋರು. ಕೂತ್ಕೊಳ್ಳಿ ಅಂದ್ರೆ ಕೂರ್ತಿರ್ಲಿಲ್ಲ. ಆ ಕಿಟಕಿ ಹತ್ರ ನಿಂತ್ಕೊಂಡೇ. ತಟ್ಟೆ ಕಿಟಕಿ ಕಟ್ಟೆ ಮೇಲಿಟ್ಕೊಂಡು" ಎಂದಳು. ಎದ್ದು ಆ ಕಟ್ಟೆಯನ್ನು ಸೆರಗಿನಿಂದ ಒರೆಸಿದಳು. ಅಲ್ಲಿ ಧೂಳೇನೂ ಇರಲಿಲ್ಲ.

ಒಬ್ಬ ಇಲ್ಲದ ಮನುಷ್ಯನ ಬಗ್ಗೆ ನನ್ನ ಹತ್ತಿರ ಒಂದು ಪುಟ ಇತ್ತು. ಇದ್ದ ಮನುಷ್ಯನ ಬಗ್ಗೆ, ಅವನ ಹೆಂಡತಿ ಕೊಟ್ಟ ಎರಡು ಸಾಲು. ಇದ್ದವನನ್ನು ಯಾರಿಗೂ ನಂಬಿಸಬೇಕಾಗಿರಲಿಲ್ಲ, ದಿನಾ ಕಣ್ಣ ಮುಂದೆ ಓಡಾಡುತ್ತಿದ್ದ, ಹಾಗಾಗಿ ನಾನು ಏನನ್ನೂ ಬರೆದಿಟ್ಟುಕೊಳ್ಳಲಿಲ್ಲ. ನನ್ನ ದಿನಚರಿಯಲ್ಲಿ ಅವನ ಬಗ್ಗೆ ಹುಡುಕಿದರೆ ಸಿಗುವುದು "ಅಣ್ಣ ಬಂದಿದ್ದ", "ಅಣ್ಣ ಹೋದ."

ಹಬ್ಬಕ್ಕೆ ಎರಡು ದಿನ ಮುಂಚೆ ಹೇಳಿದೆ. ಅಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು, ಹುಡುಗಿ ಅವಳ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು, ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ತಾಂಡ್ರದ ಪೊಟ್ಟಣ ಆಗಲೇ ಮುಳಬಾಗಿಲಿನಿಂದ ಬಂದಾಗಿತ್ತು. ನೋಟ್‌ಬುಕ್ಕು ತೋರಿಸಿ, ಓದಿ, ಎಲ್ಲ ಹೇಳಿದೆ. ಹುಡುಗಿಯ ಕೈ ನಿಂತಿತು. ಪುಟವನ್ನು ತಾನೇ ತೆಗೆದುಕೊಂಡು ಓದಿದಳು. ನಾನು ಅವಳಿಗೆ ಹೇಳಿದ್ದ ಅಪ್ಪನನ್ನು ಅಲ್ಲಿ ಸಾಲು ಸಾಲಾಗಿ ಗುರುತು ಹಿಡಿಯುತ್ತಿದ್ದಾಳೆಂದು ಅವಳ ಬೆರಳು ಹರಿಯುವುದರಲ್ಲೇ ಗೊತ್ತಾಗುತ್ತಿತ್ತು.

"ಹಂಗಾದ್ರೆ ಇಷ್ಟ್ ವರ್ಷ ಬಂದಿದ್ದು ಯಾರು?" ಎಂದಳು.

ಉತ್ತರ ಕೊಟ್ಟವಳು ಅಮ್ಮ. ಬೈಯುತ್ತಾಳೆಂದು ಕಾದಿದ್ದೆ. "ಓದಿ ಓದಿ ಹಿಂಗಾದೆ ನೀನು" ಎಂದಷ್ಟೇ ಹೇಳಿ, ಸೀರೆಯನ್ನು ಮಂಡಿಯ ಮೇಲೆ ಎಳೆದುಕೊಂಡಳು. ಆಮೇಲೆ, "ಕಾಗೆ ಒಂದು ವರ್ಷವೂ ತಪ್ಪಿಲ್ಲ. ಯಾರೋ ಒಬ್ಬ ಬಂದವ್ನೆ ತಾನೇ? ಎಂಟು ವರ್ಷ ಕರ್ದು ಉಣ್ಣಕ್ಕಿಟ್ಟು, ಈಗ ಇದು ನಿಂಗಲ್ಲ ಏಳು ಅಂತ ಎಬ್ಬಿಸ್ತೀಯೇನೇ? ಅವಂಗಿನ್ಯಾರವ್ರೆ? ಇನ್ನೊಂದೆಲೆ ಹಾಕಿದ್ರಾಯ್ತು" ಎಂದಳು.

ನನಗೆ ಎದೆ ಹಗುರಾದ ಹಾಗಾಯಿತು. ಅದು ಒಂದು ನಿಮಿಷವೂ ಇರಲಿಲ್ಲ. ಅಮ್ಮ ಇದ್ದಕ್ಕಿದ್ದ ಹಾಗೆ ನೆಟ್ಟಗೆ ಕೂತು ಕೇಳಿದಳು:

"ಅವ್ನು ಸತ್ತವ್ನೋ ಇಲ್ವೋ?"

"ಯಾರು?"

"ನಿಮ್ಮ ಅಧ್ಯಕ್ಷ. ಅದ್ರಲ್ಲಿ ಬರ್ದೈತಾ?"

ಹುಡುಗಿ ಕೊನೆಯ ಪುಟಕ್ಕೆ ತಿರುಗಿಸಿದಳು. ಅಲ್ಲಿ ಅಧ್ಯಕ್ಷ ಎರಡನೆಯ ಚುನಾವಣೆ ಗೆದ್ದು ಬಸ್ಸಿನಲ್ಲಿ ಊರಿಗೆ ಬರುತ್ತಿದ್ದ. ಅರ್ಧ ವಾಕ್ಯದಲ್ಲಿ ನಿಂತಿತ್ತು. ನಾಲ್ಕನೇ ಜ್ವರ ಮುಗಿದು ಹುಳು ಎದ್ದಿರಬೇಕು, ನಮ್ಮನ್ನು ಸೊಪ್ಪಿಗೆ ಕರೆದಿರಬೇಕು. ಮತ್ತೆ ಬರೆಯಲಿಲ್ಲ.

"ಬದುಕಿದಾನೆ ಅಜ್ಜಿ."

"ಅಯ್ಯೋ ದೇವುಡಾ. ಬದುಕಿರೋರಿಗೆ ಎಡೆ ಇಡ್ಬಾರ್ದು ಕಣೇ! ಎಂಟು ವರ್ಷ ಇಟ್ಟಿದ್ದೀವಲ್ಲೇ!" ಅಮ್ಮ ಕೆನ್ನೆ ಬಡಿದುಕೊಂಡಳು. ಅವಳ ಹೆದರಿಕೆ ನಿಜವಾದದ್ದು. ಆಮೇಲೆ ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿದಳು. "ನೀನೇ ಹುಟ್ಟಿಸ್ದೋಳು, ನೀನೇ ನೋಡು."

ಮರುದಿನ ಹುಳು ಮನೆಯಲ್ಲಿ ಕೂತೆ. ಈಗ ಅಲ್ಲಿ ಹುಳುವಿಲ್ಲ, ಹುಲ್ಲು ತುಂಬಿದ್ದೇವೆ. ಅಣ್ಣನ ನಿಯಮದ ಪ್ರಕಾರ ಸಾವಿಗೂ ವಿವರ ಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ. ಒಂದು ಬೇರೆ ಹಾಳೆಯಲ್ಲಿ ಬರೆದು ನೋಡಿದೆ. ಎರಡೇ ಸಾಲಿಗೆ ಅಧ್ಯಕ್ಷನ ಕಣ್ಣು ಹಳದಿಯಾಯಿತು. ಹೊಡೆದುಹಾಕಿ ಇನ್ನೊಂದು ಬರೆದೆ. ಈ ಸಲ ಬೇರೆ ಊರು, ಬೇರೆ ಕಾಯಿಲೆ, ಕಾಲುಗಳ ಮೇಲೆ ಬೂದು ಕಂಬಳಿ. ಹಾಸಿಗೆಯ ಪಕ್ಕ ಒಬ್ಬ ತಂಗಿ ಅವನ ಕೈ ಹಿಡಿದು ಕೂತಿದ್ದಳು. ಅಧ್ಯಕ್ಷನಿಗೆ ತಂಗಿ ಇದ್ದಳೆಂದು ನೋಟ್‌ಬುಕ್ಕಿನಲ್ಲಿ ಎಲ್ಲೂ ಇಲ್ಲ. ಓದಿದಾಗ ಚೆನ್ನಾಗಿತ್ತು, ನಂಬುವ ಹಾಗಿತ್ತು. ಅದಕ್ಕೇ ಭಯವಾಯಿತು. ಹತ್ತು ವರ್ಷ ಬಿಟ್ಟು ನಾನು ಇದೇ ಹುಡುಗಿಗೆ, ನಿಮ್ಮಪ್ಪ ಹೋಗುವಾಗ ನಾನು ಪಕ್ಕದಲ್ಲೇ ಇದ್ದೆ, ಕಾಲಿಗೆ ಬೂದು ಕಂಬಳಿ ಹೊದಿಸಿದ್ದೆ ಎಂದು ಹೇಳಿಬಿಡುತ್ತೇನೆ. ಕಣ್ಣಾರೆ ಕಂಡವಳ ಹಾಗೆ ಹೇಳುತ್ತೇನೆ. ನನ್ನನ್ನು ನಾನು ಅಷ್ಟು ಬಲ್ಲೆ.

ಆ ಹಾಳೆಯನ್ನು ಒಲೆಗೆ ಹಾಕಿದೆ. ನೋಟ್‌ಬುಕ್ಕಿನಲ್ಲಿ, ಅರ್ಧ ನಿಂತಿದ್ದ ವಾಕ್ಯದ ಕೆಳಗೆ, "ಅಧ್ಯಕ್ಷ ತೀರಿಕೊಂಡ" ಎಂದು ಬರೆದೆ.

ಹುಡುಗಿ ಬಂದು ನೋಡಿದಳು. "ಅಷ್ಟೇನಾ? ಹೆಂಗೆ?"

"ಗೊತ್ತಿಲ್ಲ."

"ಮೂರು ವಿಷಯ ಇರ್ಬೇಕಲ್ವಾ ಅತ್ತೆ?"

"ಇದಕ್ಕೆ ಬೇಡ."

ಅವಳು ನೋಟ್‌ಬುಕ್ಕು ಮುಚ್ಚಿ ನನ್ನ ಕೈಗೆ ಕೊಟ್ಟಳು.

ಅಮಾವಾಸ್ಯೆಯ ಮಧ್ಯಾಹ್ನ ಮೂರು ಎಡೆ. ಅಪ್ಪನದು ಎಂದಿನ ಹಾಗೆ, ಹುರುಳಿ ಸಾರು, ಬೀಡಿ. ಅದರ ಪಕ್ಕ ಅಧ್ಯಕ್ಷನ ಎಲೆ. ವಡೆ, ಪಾಯಸ, ತಾಂಡ್ರದ ಅಂಚಿನ ತುಂಡುಗಳು. ಅಣ್ಣನ ಎಲೆಯನ್ನು ಹುಡುಗಿ ನೆಲದ ಮೇಲೆ ಹಾಕಲಿಲ್ಲ. ಅವಳಿಗೆ ಅವಳ ಅಮ್ಮ ಏನು ಹೇಳಿದ್ದಳೋ, ನೇರವಾಗಿ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಎಲೆ ಹಾಸಿ, ರಾತ್ರಿಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಲಸಿ ಇಟ್ಟಳು. ವಡೆ ಪಾಯಸ ಬೇಡವೆಂದಳು. ಅಮ್ಮ ವಡೆಯ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ಧೂಪ ಹಾಕಿ ಹುಡುಗಿ, "ಬನ್ನಿ" ಎಂದಳು, ಎಲ್ಲರಿಗೂ ಸೇರಿಸಿ. ಆಮೇಲೆ ಕಿಟಕಿಯ ಕಡೆ ತಿರುಗಿ, ಬೇರೆಯಾಗಿ, ಮೆಲ್ಲಗೆ, "ಅಪ್ಪಾ" ಎಂದಳು. ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

ಬಾಗಿಲ ಹೊರಗೆ ನಾನು ಏನನ್ನೂ ಕಲ್ಪಿಸಿಕೊಳ್ಳದೆ ನಿಲ್ಲಲು ನೋಡಿದೆ. ಆಗಲಿಲ್ಲ. ಆದರೆ ಅಣ್ಣನ ಮುಖ ಬರಲಿಲ್ಲ. ಕಿಟಕಿಯ ಕಡೆ ತಿರುಗಿದ ಬೆನ್ನು ಮಾತ್ರ.

ಆಮೇಲೆ ಎಲ್ಲ ಎಡೆಗಳಿಂದ ಸ್ವಲ್ಪ ಸ್ವಲ್ಪ ತೆಗೆದು, ಬೇರೆ ಬೇರೆ ಎಲೆಯ ತುಂಡುಗಳಲ್ಲಿ ತಾರಸಿಯ ಮೇಲೆ ಇಟ್ಟೆವು. ಕಾಗೆ ಬಂತು. ಬೀಡಿ ಬಿಟ್ಟು ಅಪ್ಪನ ಅನ್ನ ಕುಕ್ಕಿತು. ತಾಂಡ್ರದ ತುಂಡನ್ನು ಕಚ್ಚಿಕೊಂಡು ಹಾರಿತು, ಮತ್ತೆ ಬಂದು ಉಳಿದದ್ದನ್ನೂ ಒಯ್ದಿತು. ಮುದ್ದೆಯ ಹತ್ತಿರ ಹೋಗಲಿಲ್ಲ. ಹುಡುಗಿ ತಾರಸಿಯ ಕೊನೆಯ ಮೆಟ್ಟಿಲ ಮೇಲೆ ಕೂತು ನೋಡುತ್ತಲೇ ಇದ್ದಳು. ಊಟಕ್ಕೆ ಕರೆದರೆ ಬರಲಿಲ್ಲ. ಅಮ್ಮ ಕಂಬಿ ಹಿಡಿದು ನಿಧಾನವಾಗಿ ಒಂದೊಂದೇ ಮೆಟ್ಟಿಲು ಹತ್ತಿ ಅವಳ ಪಕ್ಕ ಕೂತಳು.

"ಎಂಟು ವರ್ಷ ಕರೀದೆ ಇದ್ದು, ಒಂದಿನ ಕರ್ದ ತಕ್ಷಣ ಬಂದ್ಬಿಡ್ತಾನಾ? ಅವಂಗಿನ್ನೂ ಗೊತ್ತಾಗಿರಲ್ಲ, ನಾವು ಕರೀತಿರೋದು ಅವನ್ನೇ ಅಂತ."

"ಮುಂದಿನ ವರ್ಷ ಗೊತ್ತಾಗುತ್ತಾ ಅಜ್ಜಿ?"

"ಕರೀತಿರ್ಬೇಕು."

ಈ ವರ್ಷ ಎಡೆಯಲ್ಲಿ ಉಳಿದ ತಾಂಡ್ರವನ್ನು ನಾನು ತಿನ್ನಲಿಲ್ಲ. ಯಾರೂ ತಿನ್ನಲಿಲ್ಲ. ಸಂಜೆ ಬಸ್ಸಿಗೆ ಹೊರಟೆ. ರಸ್ತೆಯಿಂದ ತಿರುಗಿ ನೋಡಿದಾಗ ಹುಡುಗಿ ಇನ್ನೂ ಮೆಟ್ಟಿಲ ಮೇಲಿದ್ದಳು.

ಬಸ್ಸಿನಲ್ಲಿ ಕೂತು ದಿನಚರಿ ಬರೆದೆ. ಕಂಡದ್ದು ಮಾತ್ರ ಬರೆದೆ. ಎಲೆ ಕಿಟಕಿ ಕಟ್ಟೆಯ ಮೇಲಿತ್ತು. ರಾತ್ರಿಯ ಮುದ್ದೆ, ಮಜ್ಜಿಗೆ. ನಾನು ಹೊರಟಾಗ ತಾರಸಿಯ ಮೇಲಿನ ಮುದ್ದೆ ಇಟ್ಟ ಹಾಗೇ ಇತ್ತು.